ಮುಚ್ಚಳ ಕಂಪನಿಗಾಗಿ ಪ್ರಾರ್ಥನೆ

ಗಂಡನನ್ನು ಬೈಯುವುದಕ್ಕೆ ಲೋಕದ ಹೆಂಡತಿಯರೆಲ್ಲ ಬಾಯಿ ಉಪಯೋಗಿಸುತ್ತಾರೆ. ನನ್ನವಳು ದೇವರನ್ನು ಉಪಯೋಗಿಸುತ್ತಾಳೆ.

ನಮ್ಮದು ದಿನಾ ಸಂಜೆ ಕುಟುಂಬ ಪ್ರಾರ್ಥನೆ ನಡೆಯುವ ಮನೆ. ಹಾಲ್‌ನಲ್ಲಿ ಚಾಪೆ ಹಾಸಿ ಮೂವರೂ ಮೊಣಕಾಲೂರುತ್ತೇವೆ: ನಾನು, ನನ್ನಾಕೆ, ಅವಳ ತಾಯಿ. ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಇದೇ ನನ್ನ ಗ್ರಹಚಾರ. (ಈ ಶಬ್ದ ನಮ್ಮ ಪಾಸ್ಟರ್ ಕಿವಿಗೆ ಬೀಳದಿರಲಿ.) "ಕರ್ತನೇ, ಈ ಮನೆ ಯಜಮಾನರಿಗೆ ಒದ್ದೆ ಟವೆಲ್ಲು ಮಂಚದ ಮೇಲೆ ಎಸೀದೇ ಇರೋ ಅಂಥ ಒಳ್ಳೇ ಬುದ್ಧಿ ಕೊಡಪ್ಪಾ" ಎಂದು ಅವಳು ಬೇಡಿಕೊಂಡರೆ ನಾನೂ ಕಣ್ಮುಚ್ಚಿಕೊಂಡೇ "ಆಮೆನ್" ಅನ್ನಬೇಕು. ನನ್ನ ಮೇಲಿನ ಆರೋಪಪಟ್ಟಿಗೆ ನನ್ನದೇ ರುಜು! ನನ್ನ ಸರದಿ ಬಂದಾಗ "ತಂದೆಯೇ, ಚಿಕ್ಕಪುಟ್ಟ ತಪ್ಪುಗಳನ್ನು ಮನ್ನಿಸುವ ಹೃದಯವನ್ನು ಈ ಮನೆಯ ಹೆಂಗಸರಿಗೆ ದಯಪಾಲಿಸು" ಎಂದು ತಿರುಗೇಟು ಕೊಡುತ್ತೇನೆ. ಕೊನೆಯಲ್ಲಿ ಅತ್ತೆ ಇಬ್ಬರಿಗೂ ಸೇರಿಸಿ ತೀರ್ಪು ಹೇಳಿ ಮುಗಿಸುತ್ತಾರೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಹಲಗೆಯ ಅಕ್ಷರಗಳನ್ನು ಓದಿಸಿ, "ಕೊನೇ ಸಾಲು ಕಾಣುತ್ತಾ ಸಾರ್?" ಎಂದು ಕೇಳುವುದು ನನ್ನ ಕಸುಬು. ಊರಿಗೆಲ್ಲ ಕೊನೇ ಸಾಲು ಕಾಣಿಸಿದ ನನಗೆ ಟಿ.ವಿ.ಯ ಕೊನೇ ಸಾಲು ಮಾತ್ರ ಕಾಣಲಿಲ್ಲ. ಅಲ್ಲಿ ಇರುವೆಯಂಥ ಅಕ್ಷರಗಳಲ್ಲಿ "ನಷ್ಟವಾದರೆ ನಾವು ಹೊಣೆಯಲ್ಲ" ಎಂದು ಓಡುತ್ತಿತ್ತಂತೆ. ನಾನು ನೋಡುತ್ತಿದ್ದುದು ಅದರ ಮೇಲ್ಗಡೆ ಕೂತು ಮಾತಾಡುತ್ತಿದ್ದ ಕೆಂಪು ಟೈ ಮಹಾಶಯನನ್ನು. ಆತ ಷೇರು ಪೇಟೆಯ ತಜ್ಞ. ದಿನಾ ಸಂಜೆ ವಾರ್ತೆ ಮುಗಿದ ಕೂಡಲೇ ಪ್ರತ್ಯಕ್ಷನಾಗುತ್ತಾನೆ. ಬ್ಯಾಂಕಿನಲ್ಲಿ ದುಡ್ಡಿಡುವವರನ್ನು ಕಂಡರೆ ಆತನಿಗೆ ಅಪಾರ ಕನಿಕರ. "ನಿಮ್ಮ ದುಡ್ಡು ನಿದ್ದೆ ಹೊಡೀತಿದೆ, ಎಬ್ಬಿಸಿ!" ಎಂದು ಆತ ಮೇಜು ಗುದ್ದಿದ ದಿನ ನನಗೆ ನಮ್ಮ ಅಡುಗೆಮನೆ ದುಡ್ಡಿನ ಗೊರಕೆ ಸ್ಪಷ್ಟವಾಗಿ ಕೇಳಿಸಿತು.

ಅಡುಗೆಮನೆ ದುಡ್ಡು ಅಂದರೆ ಅಡುಗೆಮನೆಯ ರಿಪೇರಿಗೆಂದು ನಾವಿಬ್ಬರೂ ಕೂಡಿಟ್ಟದ್ದು. ಅಲ್ಲಿಯ ನಲ್ಲಿ ಸೋರುತ್ತದೆ. ಸಿಂಕಿನ ಕೆಳಗೆ ಸದಾ ಬಕೆಟ್ಟು. ಕಪಾಟಿನ ಬಾಗಿಲು ತೆಗೆದರೆ ಕೈಗೇ ಬರುತ್ತದೆ. ಇಡೀ ದಿನ ಶಾಲೆಯಲ್ಲಿ ಪಾಠ ಹೇಳಿ ಬಂದು ಆ ಬಕೆಟ್ಟು ಎತ್ತಿ ಎತ್ತಿ ನನ್ನಾಕೆಯ ಸೊಂಟ ಹಿಡಿದುಹೋಗಿತ್ತು. ಬಡಗಿ ಬಿಡುವಾದಾಗ ಬರುತ್ತೇನೆಂದಿದ್ದ. ಅವನು ಬರುವುದರೊಳಗೆ ದುಡ್ಡನ್ನು ಎಬ್ಬಿಸಿ, ಒಂದಿಷ್ಟು ಮೈ ತುಂಬಿಸಿ, ಮತ್ತೆ ತಂದು ಮಲಗಿಸಿದರೆ ಯಾರಪ್ಪನ ಗಂಟು ಹೋಗುತ್ತದೆ?

ನಾನು ಆರಿಸಿದ್ದು ಬಾಟಲಿಗಳಿಗೆ ಮುಚ್ಚಳ ಮಾಡುವ ಒಂದು ಪುಟ್ಟ ಕಂಪನಿ. ಲೋಕದಲ್ಲಿ ಬಾಟಲಿ ಇರುವ ತನಕ ಮುಚ್ಚಳ ಬೇಕೇ ಬೇಕು ಎಂಬ ಮಹಾಜ್ಞಾನ ನನಗೆ ಬಚ್ಚಲಲ್ಲಿ ಉದಯಿಸಿತ್ತು. ಮನೆಯಲ್ಲಿ ತುಟಿ ಪಿಟಕ್ಕೆನ್ನದೆ ಕೊಂಡೆ. ಮರುದಿನದಿಂದಲೇ ಅದು ಇಳಿಯತೊಡಗಿತು, ನನ್ನ ಬರವಿಗೇ ಕಾದು ಕೂತಿದ್ದ ಹಾಗೆ.

ಗಂಡಸು ಹೆಂಡತಿಗೆ ಸುಳ್ಳು ಹೇಳಬಲ್ಲ. ಮೊಣಕಾಲೂರಿ ಕಣ್ಮುಚ್ಚಿದ ಮೇಲೆ ಮಾತ್ರ ನಾಲಿಗೆ ಅವನ ಮಾತು ಕೇಳುವುದಿಲ್ಲ. ಒಂದು ಸಂಜೆ "ಕಾಯಿಲೆಯವರನ್ನು ಎಬ್ಬಿಸು, ಬಿದ್ದವರನ್ನು ಎತ್ತು" ಎನ್ನುತ್ತಿದ್ದವನು ಅದೇ ಉಸಿರಿನಲ್ಲಿ "ಮುಚ್ಚಳ ಕಂಪನಿಯನ್ನೂ ಎತ್ತು ತಂದೆಯೇ" ಎಂದುಬಿಟ್ಟೆ!



"ಕರ್ತನೇ," ನನ್ನಾಕೆಯ ದನಿ ತಣ್ಣಗಿತ್ತು, "ಮುಚ್ಚಳ ಕಂಪನಿ ಅಂದ್ರೆ ಏನು ಅಂತ ನಿನಗೆ ಗೊತ್ತು. ನನಗೂ ಗೊತ್ತಾಗೋ ಹಾಗೆ ಇವರ ಬಾಯಿ ಬಿಡಿಸು."

"ಅದೊಂದು ಸಣ್ಣ ಹೂಡಿಕೆ ಅಂತ ಇವಳಿಗೆ ತಿಳಿಸು ತಂದೆಯೇ," ಎಂದೆ. (ನನ್ನ ಸರದಿ ಮುಗಿದಿತ್ತು. ಪ್ರಾಣ ಹೋಗುವಾಗ ಸರದಿ ಯಾರು ನೋಡುತ್ತಾರೆ?)

"ಯಾವ ದುಡ್ಡು ಅಂತ ಕೇಳು ಕರ್ತನೇ."

"ಅಡುಗೆಮನೆ ದುಡ್ಡು ಅಂತ... ಸ್ವಲ್ಪ ನಿಧಾನಕ್ಕೆ ಹೇಳು ತಂದೆಯೇ."

ಅವಳು ಕಣ್ಣು ಬಿಟ್ಟಳು. ಪ್ರಾರ್ಥನೆಯ ನಡುವೆ ಅವಳು ಕಣ್ಣು ಬಿಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು. "ರೀ! ನನ್ನ ಅಡುಗೆಮನೇನ ತಗೊಂಡು ಹೋಗಿ ಮುಚ್ಚಳಕ್ಕೆ ಸುರಿದ್ರಾ?"

"ಆಮೆನ್," ಎಂದರು ಅತ್ತೆ, ಬೇರೇನೂ ತೋಚದೆ.

ಅಂದಿನಿಂದ ನನ್ನಾಕೆ ಷೇರಿನ ಬೆಲೆಯನ್ನು ದುಡ್ಡಿನಲ್ಲಿ ಕೇಳಲಿಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, "ಇವತ್ತು ಏನು ಹೋಯ್ತು?" ಎನ್ನುವಳು. "ನಲ್ಲಿ," ಎನ್ನುವೆ. ಮರುದಿನ ಸಿಂಕು ಹೋಯಿತು. ವಾರಾಂತ್ಯಕ್ಕೆ ಕಪಾಟಿನ ಎರಡು ಬಾಗಿಲೂ ಹೋದವು. ಕೊಂಡ ಬೆಲೆಗೆ ಬಂದ ದಿನವೇ ಮಾರಿ ದುಡ್ಡು ತಂದಿಡುತ್ತೇನೆಂದು ಇಬ್ಬರು ಹೆಂಗಸರೂ ನನ್ನಿಂದ ದೇವರೆದುರು ಮಾತು ತಗೊಂಡರು.

ಗುರುವಾರ ಅತ್ತೆ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋಗಿಬಂದರು. ಅವರೇ ಅದರ ಮುಂದಾಳು. ಬಂದವರ ಮುಖದಲ್ಲಿ ಭಾರ ಇಳಿಸಿದ ಸಮಾಧಾನವಿತ್ತು.

"ಅತ್ತೆ, ಕೂಟದಲ್ಲಿ ನನ್ನ ವಿಷಯ ಹೇಳಿದ್ರಾ?"

"ಛೆ ಛೆ, ಮನೆ ವಿಷಯ ಹೊರಗೆ ಹೇಳೋದುಂಟಾ ಅಳಿಯಂದಿರೇ? ಹೇಳಲಿಲ್ಲ. ಎಲ್ಲರೂ ಸೇರಿ ಬೇಡಲಿ ಅಂತ ಪ್ರಾರ್ಥನೆಗೆ ಕೊಟ್ಟೆ ಅಷ್ಟೇ."

"ಕಂಪನಿ ಹೆಸರು?"

"ಹೆಸರು ಹೇಳದೆ ಹೇಗೆ? ಲೋಕದಲ್ಲಿ ಸಾವಿರ ಕಂಪನಿ ಇವೆ. ಆಶೀರ್ವಾದ ಇನ್ನೊಂದು ಕಂಪನಿಗೆ ಹೋಗಿಬಿಟ್ರೆ?"

ಆದರೆ ಓದುಗರೇ, ಮುಂದಿನ ವಾರ ಆದದ್ದನ್ನು ಕೇಳಿ. ಸೋಮವಾರ ಕಪಾಟಿನ ಬಾಗಿಲುಗಳು ವಾಪಸ್ ಬಂದವು! ಮಂಗಳವಾರ ಸಿಂಕು ಬಂತು! ಬುಧವಾರ ನಲ್ಲಿಯೂ ಬಂದು, ಗುರುವಾರ ಗೋಡೆಗೆ ಹೊಸ ಬಣ್ಣದಷ್ಟು ಮೇಲೆಯೇ ಬಂತು! ಶುಕ್ರವಾರ ಸಂಜೆ ಸಾಕ್ಷಾತ್ ಕೆಂಪು ಟೈ ಮಹಾಶಯನ ಬಾಯಲ್ಲಿ ನನ್ನ ಕಂಪನಿಯ ಹೆಸರು ಬಂತು. "ಬಲ್ಲ ಮೂಲಗಳ ಪ್ರಕಾರ ಒಂದು ದೊಡ್ಡ ಗುಂಪು ಸದ್ದಿಲ್ಲದೆ ಇದನ್ನು ಕೊಳ್ಳುತ್ತಿದೆ. ಅವರಿಗೆ ಒಳಗಿನ ವಿಷಯ ಏನೋ ಗೊತ್ತಿರಬೇಕು" ಎಂದು ಆತ ಹುಬ್ಬು ಹಾರಿಸಿದ.

"ಅಡುಗೆಮನೆ ಪೂರ್ತಿ ಬಂತಲ್ಲ, ಮಾರಿ," ಎಂದಳು ನನ್ನಾಕೆ.

"ಈಗ ಮಾರೋದಾ? ಟಿ.ವಿ.ಯಲ್ಲೇ ಬಂದಿದೆ ಕಣೇ!"

"ಟಿ.ವಿ.ಯಲ್ಲಿ ದಿನಾ ಎಷ್ಟೋ ಸಿಂಕು ಬರುತ್ತೆ. ನನಗೆ ಬೇಕಾಗಿರೋದು ಇಲ್ಲಿ, ನನ್ನ ಅಡುಗೆಮನೇಲಿ."

"ನಿನಗೆ ಆರ್ಥಿಕ ಜ್ಞಾನ ಇಲ್ಲ."

"ಇದ್ದಿದ್ರೆ ನಿಮ್ಮ ಕೈಗೆ ದುಡ್ಡು ಸಿಗೋ ಹಾಗೆ ಇಡ್ತಿದ್ನಾ?"

ಭಾನುವಾರ ಆರಾಧನೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದೆ. ಗೇಟು ಕಾಯುವವರು ಹತ್ತಿರ ಬಂದು ಪಿಸುಗುಟ್ಟಿದರು: "ಬ್ರದರ್, ಮುಚ್ಚಳ ಇನ್ನೂ ಇಟ್ಕೊಳ್ಳೋದಾ?" ಅಷ್ಟರಲ್ಲಿ ಭಾನುವಾರ ಶಾಲೆಯ ಟೀಚರಮ್ಮ, ದರ್ಜಿಯಕ್ಕ, ನಿವೃತ್ತ ನರ್ಸು ಎಲ್ಲರೂ ನನ್ನನ್ನು ಸುತ್ತುವರಿದರು. ಎಲ್ಲರ ಹತ್ತಿರವೂ ಮುಚ್ಚಳ!

"ನೀವೆಲ್ಲ ಯಾಕೆ ಕೊಂಡ್ರಿ?" ಎಂದು ಹೌಹಾರಿ ಕೇಳಿದೆ.

"ಅಷ್ಟು ಜನ ಕೂತು ಪ್ರಾರ್ಥನೆ ಮಾಡಿದ್ದೀವಿ," ಎಂದರು ದರ್ಜಿಯಕ್ಕ. "ಕಂಪನಿ ಏಳೋದು ಗ್ಯಾರಂಟಿ. ಹಾಗಿದ್ದೂ ಕೊಳ್ಳದೆ ಕೈಕಟ್ಟಿ ಕೂತ್ರೆ ಅದು ಅವಿಶ್ವಾಸ ಆಗಲ್ವಾ? ನಮ್ಮಕ್ಕನ ಚರ್ಚಿನ ಸಭೆಯವರಿಗೂ ಹೇಳಿದೆ. ಅವರು ಇನ್ನೂ ನಾಲ್ಕು ಸಭೆಗೆ ಹೇಳಿದ್ರು."

"ಟಿ.ವಿ.ಯಲ್ಲೂ ಬಂತಲ್ಲ?" ಎಂದೆ, ನೀರಿಗೆ ಬಿದ್ದವನು ಹುಲ್ಲುಕಡ್ಡಿ ಹಿಡಿದ ಹಾಗೆ.

ಆರ್ಗನ್ ಬಾರಿಸುವವರು ಹೆಮ್ಮೆಯಿಂದ ನಕ್ಕರು. "ಅದು ನನ್ನ ತಮ್ಮನ ಕೆಲಸ ಅಣ್ಣಾ. ಆ ಟೈ ಹಾಕ್ಕೊಂಡು ಬರ್ತಾರಲ್ಲ, ಅವರಿಗೆ ಪೌಡರ್ ಹಚ್ಚೋದು ಅವನೇ. ಹಚ್ಚೋವಾಗ ಹೇಳಿದ್ನಂತೆ."

ಅಯ್ಯೋ ದೇವರೇ! ಬಲ್ಲ ಮೂಲ ಅಂದರೆ ನಮ್ಮ ಅತ್ತೆ! ದೊಡ್ಡ ಗುಂಪು ಅಂದರೆ ಹೆಂಗಸರ ಕೂಟ! ಒಳಗಿನ ವಿಷಯ ಅಂದರೆ ನನ್ನ ಮನೆಯೊಳಗಿನ, ನನ್ನ ಬಾಯಿಂದಲೇ ಜಾರಿದ ವಿಷಯ! ನಾನು ಉಗುಳಿದ್ದನ್ನೇ ಬೆಳ್ಳಿ ಬಟ್ಟಲಲ್ಲಿಟ್ಟು ನನಗೇ ಬಡಿಸಿದ್ದರು, ನಾನು ಚಪ್ಪರಿಸಿದ್ದೆ. ಮನೆಗೆ ಬಂದವನೇ, "ನಾಳೆ ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಮಾರ್ತೀನಿ" ಎಂದು ಘೋಷಿಸಿದೆ. ನನ್ನಾಕೆ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಕಡೆ ನೋಡಿ ನಕ್ಕಳು. ಅತ್ತೆ "ಸ್ತೋತ್ರ!" ಎಂದು ಕೈ ಮೇಲೆತ್ತಿದರು. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಂದು ಮರ್ಯಾದಸ್ಥ.

ಹೆಂಗಸರ ಕೂಟ ತಿಂಗಳಿಗೊಂದು ಭಾನುವಾರವೂ ಸೇರುತ್ತದೆ, ಅಂದು ಸಂಜೆ ಅದರ ಸರದಿ ನಮ್ಮ ಮನೆಯಲ್ಲಿತ್ತು. ಹಾಲ್ ತುಂಬ ಹೆಂಗಸರು. ಕೆಂಪು ಟೈಯ ಭಾನುವಾರದ ವಿಶೇಷ ಕಾರ್ಯಕ್ರಮವೂ ಅದೇ ಹೊತ್ತಿಗೆ. ಸುಮ್ಮನೆ, ಬರೀ ಕುತೂಹಲಕ್ಕೆಂದು, ಫೋನು ಹಿಡಿದು ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಆ ಬಕೆಟ್ಟಿನ ಪಕ್ಕ ಕೂತೆ. "ಮುಚ್ಚಳ ಇನ್ನೂ ದುಪ್ಪಟ್ಟಾಗುತ್ತೆ. ಈಗ ಮಾರುವವರು ಜೀವಮಾನವಿಡೀ ಕೊರಗ್ತಾರೆ!" ಎಂದು ಆತ ಮೇಜು ಗುದ್ದಿದ. ಈ ಸುದ್ದಿ ಎಲ್ಲಿ ಹುಟ್ಟಿತು, ಯಾರು ಹೆತ್ತರು, ಯಾರು ಪೌಡರ್ ಹಚ್ಚಿ ಕಳಿಸಿದರು ಎಲ್ಲ ನನಗೆ ಗೊತ್ತು. ಆದರೂ ಆತನ ಹಿಂದೆ ಹಸಿರು ಬಾಣವೊಂದು ಪರದೆ ಹರಿದುಕೊಂಡು ಮೇಲೇರುತ್ತಿತ್ತು. ಅತ್ತೆಯ ಬಾಯಲ್ಲಿ ಬಂದಾಗ ಅದು ಗಾಳಿಸುದ್ದಿ. ಟಿ.ವಿ.ಯಲ್ಲಿ ಬಂದ ಮೇಲೆ ಅದು ಸುದ್ದಿ! ಅಡುಗೆಮನೆ ಜೊತೆಗೆ ಬಚ್ಚಲೂ ಆಗಿಬಿಡಲಿ ಎಂದುಕೊಂಡೆ. ಹಾಲ್‌ನಿಂದ ಏನೋ ಜೋರಾಗಿ ಚಪ್ಪಾಳೆ ಕೇಳಿಸಿತು. ನಾನು ಫೋನಿನ ಸದ್ದು ಏರಿಸಿದೆ.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅವರು ಅಕ್ಷರ ಓದುವಾಗ ಫೋನು ತೆಗೆದು ನೋಡಿದೆ. ನಲ್ಲಿ ಹೋಗಿತ್ತು. ಅವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ಸಿಂಕು ಹೋಯಿತು. ಮೂರನೇ ಸಾಲಿಗೆ ಕಪಾಟು ಹೋಯಿತು. ಮಾರಲು ಬಟನ್ ಒತ್ತಿದೆ, ಒತ್ತಿದೆ, ಒತ್ತಿದೆ. ಕೊಳ್ಳುವವರು ಒಂದು ನರಪಿಳ್ಳೆಯೂ ಇರಲಿಲ್ಲ.

"ಕೊನೇ ಸಾಲು ಮಸುಕು ಮಸುಕಾಗಿದೆ," ಎಂದರು ಗಿರಾಕಿ.

"ನನಗೆ ಮೊದಲನೇ ಸಾಲೂ ಕಾಣ್ತಿಲ್ಲ ಸಾರ್," ಎಂದು ಸ್ಟೂಲಿನ ಮೇಲೆ ಕುಸಿದೆ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ತಲೆಯ ಮೇಲೆ ಕೈ ಹೊತ್ತರು. "ನೀವು ಮಾರಲಿಲ್ವಾ? ಮಾರ್ತೀನಿ ಅಂದ್ರಲ್ಲ ಅಂತ ನಾನು ನಿನ್ನೆ ಕೂಟದಲ್ಲೇ ಸಾಕ್ಷಿ ಹೇಳಿದೆ! ಪ್ರಾರ್ಥನೆಗೆ ಉತ್ತರ ಸಿಕ್ತು, ಅಳಿಯಂದಿರು ಬೆಳಿಗ್ಗೆನೇ ಮಾರ್ತಾರೆ, ಇನ್ನು ಈ ವಿಷಯ ಬಿಟ್ಟು ಬೇರೆಯದಕ್ಕೆ ಪ್ರಾರ್ಥಿಸೋಣ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಪ್ರಾರ್ಥನೆ ನಿಲ್ಸಿದ ಮೇಲೆ ಕಂಪನಿ ನಿಲ್ಲುತ್ತಾ ಅಂತ ಎಲ್ಲರೂ ಬೆಳಿಗ್ಗೆನೇ ಮಾರಿಬಿಟ್ರು. ನಿಮಗೆ ಕೇಳಿಸಲಿಲ್ವಾ? ಗೋಡೆ ಆಚೆಗೇ ಇದ್ರಲ್ಲ!"

ಆರು ಸಭೆಗಳ ಹೆಂಗಸರಿಗೆ ಮುಟ್ಟಿದ ಸುದ್ದಿ ಗೋಡೆಯಾಚೆಯ ನನಗೊಬ್ಬನಿಗೆ ಮುಟ್ಟಿರಲಿಲ್ಲ. ನಾನು ಸುದ್ದಿ ನೋಡುತ್ತಿದ್ದೆ.

ನನ್ನಾಕೆ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಗಾಬರಿಯಾದದ್ದು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಕೆಟ್ಟಿನ ನೀರು ಚೆಲ್ಲಿಬಂದಳು. ನನಗೆ ನಿಜವಾಗಿಯೂ ಅಳು ಬಂತು. ಆ ಸಂಜೆ ಚಾಪೆಯ ಮೇಲೆ ಅವಳ ಪ್ರಾರ್ಥನೆ ಒಂದೇ ಸಾಲಿನದು: "ಕರ್ತನೇ, ನನಗೇನೂ ಬೇಡ, ಬಕೆಟ್ಟಿಗೆ ಒಂದು ಗಟ್ಟಿ ಹಿಡಿ ಕೊಡು."

ಅದನ್ನೂ ಅತ್ತೆ ಪ್ರಾರ್ಥನೆಗೆ ಕೊಟ್ಟರು. ಮುಂದಿನ ಭಾನುವಾರ ಪಾಸ್ಟರ್ ಪ್ರಕಟಣೆ ಓದಿದರು: ಅಕ್ಕತಂಗಿಯರು ತಮಗೆ ಬಂದ ಲಾಭದ ದಶಮಾಂಶವನ್ನು, ಹತ್ತರಲ್ಲೊಂದು ಪಾಲನ್ನು, ತಂದುಕೊಟ್ಟಿದ್ದಾರೆ, ಅದರಲ್ಲಿ ನಮ್ಮ ಸಭೆಯ ಸಂಕಷ್ಟದಲ್ಲಿರುವ ಒಂದು ಬಡ ಕುಟುಂಬದ ಅಡುಗೆಮನೆ ದುರಸ್ತಿಯಾಗಲಿದೆ. ಪಾಪ, ಯಾರೋ ಏನೋ ಎಂದು ನಾನೂ ಮರುಗುತ್ತಾ ಅತ್ತಿತ್ತ ನೋಡಿದೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು.

ಅಡುಗೆಮನೆ ಈಗ ಫಳಫಳ ಹೊಳೆಯುತ್ತಿದೆ. ನಲ್ಲಿ ತಿರುಗಿಸಿದರೆ ನೀರು, ನಿಲ್ಲಿಸಿದರೆ ನಿಲ್ಲುತ್ತದೆ. ಪಾತ್ರೆ ತೊಳೆಯುವವನು ನಾನು. (ಅದು ಅತ್ತೆಯ ತೀರ್ಪಿನ ಭಾಗ.) ಮೊನ್ನೆ ಸಂಜೆ ಹಾಲ್‌ನಲ್ಲಿ ಕೆಂಪು ಟೈಯ ಹಳೇ ಕಾರ್ಯಕ್ರಮ ಮರುಪ್ರಸಾರವಾಗುತ್ತಿತ್ತು, ಅರ್ಧ ಕಿವಿ ಅತ್ತ ಕೊಟ್ಟು ತಟ್ಟೆ ಉಜ್ಜುತ್ತಿದ್ದೆ. ಕಟ್ಟೆಯ ಮೇಲಿದ್ದ ಅತ್ತೆಯ ಫೋನು ಹೊಡೆದುಕೊಂಡಿತು. ಒದ್ದೆ ಕೈಯಲ್ಲೇ ಎತ್ತಿದೆ. ಆ ದನಿ! ದಿನಾ ಸಂಜೆ ಕೇಳುವ ಅದೇ ದನಿ!

"ಸಾರ್! ನೀವಾ? ನಾನು ನಿಮ್ಮ ದೊಡ್ಡ ಅಭಿಮಾನಿ ಸಾರ್! ಒಂದು ದಿನವೂ ನಿಮ್ಮ ಕಾರ್ಯಕ್ರಮ ತಪ್ಪಿಸಿದವನಲ್ಲ!"

"ತುಂಬ ಸಂತೋಷ," ಎಂದಿತು ದನಿ. "ನನಗೆ ಪೌಡರ್ ಹಚ್ಚೋ ಹುಡುಗ ಈ ನಂಬರ್ ಕೊಟ್ಟ. ಅಮ್ಮನವರಿದ್ದಾರಾ? ಅವರ ಅಳಿಯಂದಿರು ಈ ವಾರ ಏನಾದ್ರೂ ಕೊಂಡ್ರಾ ಅಂತ ಕೇಳಬೇಕಿತ್ತು. ನಮ್ಮ ವೀಕ್ಷಕರನ್ನ ಮೊದಲೇ ಎಚ್ಚರಿಸಬಹುದಲ್ಲ."

ನಾನು ಫೋನನ್ನು ಅತ್ತೆಯ ಕೈಗಿತ್ತೆ. ಅವರು ಕಿವಿಗಿಟ್ಟು, "ಒಂದು ನಿಮಿಷ ಇರಿ ಸಾರ್, ಇಲ್ಲಿ ಗಲಾಟೆ" ಎಂದು ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಆ ಟಿ.ವಿ. ಸ್ವಲ್ಪ ಆರಿಸ್ತೀರಾ? ಇವರು ಹೇಳೋದು ಒಂದೂ ಕೇಳಿಸ್ತಿಲ್ಲ."