ಸಾಯಲೊಲ್ಲದ ರಾಣಿ

ನನ್ನ ಹೆಂಡತಿಯ ತಮ್ಮ ಇಲ್ಲಿಯವರೆಗೆ ನಾಲ್ಕೈದು ಸಾವಿರ ಜನರನ್ನು ಕೊಂದಿದ್ದಾನೆ. ಪೊಲೀಸರು ಇನ್ನೂ ಹಿಡಿದಿಲ್ಲ, ಏಕೆಂದರೆ ಕೊಲೆಗಳೆಲ್ಲ ನಡೆದದ್ದು ತಿಕೋಟಾದ ಅವನ ಒಣದ್ರಾಕ್ಷಿ ಶೆಡ್ಡಿನಲ್ಲಿ, ಇನ್ನೂರು ಪುಟದ ನೋಟ್‌ಬುಕ್ಕಿನೊಳಗೆ! ಹನ್ನೊಂದು ವರ್ಷದಿಂದ ಅವನು ಮಾಯಾಲೋಕದ ಕಾದಂಬರಿಯೊಂದನ್ನು ಬರೆಯುತ್ತಿದ್ದಾನೆ. ತಿದ್ದುತ್ತಿದ್ದಾನೆ ಎಂದರೆ ಹೆಚ್ಚು ಸರಿ. ಈಗ ನಡೆದಿರುವುದು ಏಳನೆಯ ಸಲದ ತಿದ್ದುವಿಕೆ.

ಮೂರು ವರ್ಷ ಮುಚ್ಚಿಟ್ಟಿದ್ದ ಈ ಬ್ಲಾಗನ್ನು ಇವತ್ತು ಮತ್ತೆ ತೆರೆದಿದ್ದೇನೆ. ಹಳೆಯ ಓದುಗರು ಯಾರಾದರೂ ಉಳಿದಿದ್ದೀರಾ? ಇದ್ದರೆ ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಇದೆ. ಹೊಸಬರಿಗಾಗಿ ಮೊದಲು ನಮ್ಮ ಕಾದಂಬರಿಕಾರನ ಪರಿಚಯ.

ಅವನ ಲೋಕದಲ್ಲಿ ರೆಕ್ಕೆಯ ಹಾವೊಂದು ಶತ್ರುವಿನ ಕೋಟೆಗೆ ಬೆಂಕಿ ಉಗುಳಲು ಹೊರಡುತ್ತದೆ. ನಡುದಾರಿಯ ಹಳ್ಳಿಯೊಂದರಲ್ಲಿ ಇಳಿದು ಹತ್ತು ನಿಮಿಷ ನಿಲ್ಲುತ್ತದೆ. ಯಾಕೆ? ಅವನು ಬಬಲೇಶ್ವರದ ಕಡೆ ಓಡಾಡುವ ಬಸ್ಸು ಕಾಖಂಡಕಿಯಲ್ಲಿ ಚಹಾಕ್ಕೆಂದು ನಿಲ್ಲುತ್ತದಲ್ಲ, ಅದಕ್ಕೆ!

“ಹಾರೂ ಹಾವಿಗೆ ಸ್ಟಾಪ್ ಯಾಕಲೇ?” ಎಂದೆ.

“ಬೆಂಕಿ ಉಗುಳೂದು ಅಂದ್ರ ಸುಮ್ನ ಏನ್ ಮಾಮಾ? ನೀರಡಿಕಿ ಆಗೂದಿಲ್ಲ ಅದಕ?”

ಅವನ ತಿದ್ದುವ ಪದ್ಧತಿ ಇನ್ನೂ ವಿಚಿತ್ರ. ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತಿರುತ್ತಾರೆ. ಇವನು ಎದುರಿಗೆ ಕೂತು ಅಧ್ಯಾಯ ಓದುತ್ತಾನೆ. ಅವರ ಕೈ ನಿಂತರೆ ಅಧ್ಯಾಯ ಪಾಸು. ಕೈ ನಡೆದೇ ಇದ್ದರೆ ನಪಾಸು. ಜಗತ್ತಿನಲ್ಲಿ ಯಾವ ಶೆಡ್ಡಿನ ಯಜಮಾನ ಕೆಲಸ ನಿಂತದ್ದಕ್ಕೆ ಹಿಗ್ಗುತ್ತಾನೆ ಹೇಳಿ! ಒಮ್ಮೆ ಮೂವತ್ತು ಪುಟದ ಮಹಾಯುದ್ಧ ಓದಿ, ಬೆವರು ಒರೆಸಿಕೊಂಡು, ಹೇಗಿತ್ತೆಂದು ಕೇಳಿದ. ಹಿರಿಯಳೊಬ್ಬಳು, “ಛಲೋ ಇತ್ರಿ ಅಣ್ಣಾರ, ಯುದ್ಧ ಮುಗಿಯೂದ್ರಾಗ ನಂದು ಎರಡ ಬುಟ್ಟಿ ಜಾಸ್ತಿ ಆತು” ಎಂದಳು. ಅಂದೇ ಯುದ್ಧ ರದ್ದಾಯಿತು. ಎರಡೂ ಕಡೆಯ ಸೈನಿಕರು ಬದುಕಿಕೊಂಡರು.

ಇದನ್ನೆಲ್ಲ ನಾನು ಈ ಬ್ಲಾಗಿನಲ್ಲಿ ಉಪ್ಪುಖಾರ ಹಚ್ಚಿ ಬರೆದೆ. ಹತ್ತನೇ ಇಯತ್ತೆ ಓದಿ, ಗಾಂಧಿ ಚೌಕದ ಬೀಜದ ಅಂಗಡಿಯಲ್ಲಿ ಗುಮಾಸ್ತನಾಗಿ ಜೀವ ತೇದವನಿಗೆ ಓದುಗರು ಸಿಕ್ಕರೆ ತಲೆ ನಿಲ್ಲುತ್ತದೆಯೇ? ಕೊನೆಗೆ ಅವನ ಮುದಿ ರಾಣಿಯ ಮೇಲೂ ಬರೆದೆ. ಪ್ರತಿ ತಿದ್ದುವಿಕೆಯಲ್ಲಿ ಎಲ್ಲರೂ ಸಾಯುತ್ತಾರೆ, ಈ ರಾಣಿ ಮಾತ್ರ ಸಾಯಲೊಲ್ಲಳು. ನೂರಾ ಮೂವತ್ತು ದಾಟಿದರೂ ಒಂದು ನೆಗಡಿ ಇಲ್ಲ. ದಂಡನಾಯಕ ಓಡಿ ಬಂದು ಕೋಟೆ ಬಿತ್ತೆಂದರೆ, “ಮೊದಲ ಉಣ್ರಿ, ಆಮ್ಯಾಲ ರಾಜ್ಯ” ಎನ್ನುತ್ತಾಳೆ. ಇಂಥ ಮುದುಕಿಯನ್ನು ಲೇಖಕ ಬೇಗ ಸಾಗಹಾಕಲಿ ಎಂದು ಬರೆದು ಮುಗಿಸಿದೆ. ನೀವೆಲ್ಲ ಬಹಳ ನಕ್ಕಿರಿ. ನಾನೂ ನಕ್ಕೆ.

ಅವನ ಫೋನು ಬರುವುದು ನಿಂತಿತು.

ತಿಂಗಳಾದ ಮೇಲೆ ಸಿದ್ಧೇಶ್ವರ ಗುಡಿಯ ಹತ್ತಿರದ ಸಂತೆಯಲ್ಲಿ ಶೆಡ್ಡಿನ ಆ ಹಿರಿಯಳು ಸಿಕ್ಕಳು. ಅವನ ಸಿಟ್ಟಿಗೆ ಕಾರಣ ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

“ನಿಮಗ ಗುರ್ತ ಹತ್ತಲಿಲ್ಲೇನ್ರಿ? ಆ ರಾಣಿ ನಿಮ್ಮ ಮನಿಯವರ ಅದಾರ್ರಿ.”

ನನ್ನ ಹೆಂಡತಿ ತೀರಿ ಆಗ ಎರಡು ವರ್ಷ. ಹಂಗಾಮಿಗೊಮ್ಮೆ ತವರಿಗೆ ಹೋಗಿ, ‘ಮೊದಲ ಉಣ್ರಿ’ ಎನ್ನುತ್ತ ಶೆಡ್ಡಿನ ಹೆಂಗಸರಿಗೆಲ್ಲ ಬಡಿಸುತ್ತಿದ್ದಳು. ರಾಣಿ ಬಾಯಿ ತೆರೆದಾಗೆಲ್ಲ ಅವರ ಕೈ ನಿಲ್ಲುತ್ತಿದ್ದುದು ಅದಕ್ಕೆ. ಮೂವತ್ತಾರು ವರ್ಷ ಅವಳ ಕೈಯ ರೊಟ್ಟಿ ತಿಂದ ನನಗೆ ಅವಳ ಮಾತಿನ ಗುರುತು ಸಿಕ್ಕಿರಲಿಲ್ಲ. ಸಾಗಹಾಕಲಿ ಎಂದು ಬರೆದಿದ್ದೆ!

ಅಂದೇ ಬ್ಲಾಗು ಮುಚ್ಚಿದೆ. ತಿಕೋಟಾಕ್ಕೆ ಹೋಗುವ ಧೈರ್ಯವಾಗಲಿಲ್ಲ. ಮೂರು ವರ್ಷ ನನ್ನನ್ನು ‘ಮಾಮಾ’ ಎಂದು ಕರೆಯುವವರು ಯಾರೂ ಇರಲಿಲ್ಲ. ಫೋನು ಬಂದರೆ ರೀಚಾರ್ಜ್ ಮುಗಿಯಿತೆಂದು ಹೇಳುವ ಹೆಣ್ಣುದನಿ. ಅದನ್ನೂ ಕೊನೆತನಕ ಕೇಳುತ್ತಿದ್ದೆ.

ಹೋದ ವಾರ ಅವನೇ ಕರೆದ. ಒಂದು ಅಧ್ಯಾಯ ಮುಂದೆ ಹೋಗುತ್ತಿಲ್ಲವಂತೆ. ಹೋದೆ. ನಾನು ಕ್ಷಮೆಯ ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವನು ನೋಟ್‌ಬುಕ್ ತೆರೆದ.

“ಇಬ್ಬರ ಇದ್ದಾಗ ರಾಣಿ ರಾಜನ ಜೋಡಿ ಏನ್ ಮಾತಾಡ್ತಾಳ ಮಾಮಾ? ಅದನ್ನ ನಾವ್ಯಾರೂ ಕೇಳಿಲ್ಲ. ನೀವ ಹೇಳಬೇಕು.”

ಮನಸ್ಸಿನಲ್ಲೆಲ್ಲ ಅವಳ ಮಾತು ಹುಡುಕಿದೆ. ನಾನು ಆಡಿದ ಮಾತುಗಳೇ ಸಿಕ್ಕವು. ಆಮೇಲೆ ಒಂದು ನೆನಪಾಯಿತು. ನಾನು ಬ್ಲಾಗು ಬರೆಯುವಾಗ ಒದ್ದೆ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಲ್ಲುತ್ತಿದ್ದಳು.

“‘ಇವತ್ತೇನ್ ಬರದ್ರಿ? ನನಗಷ್ಟ ಓದಿ ಹೇಳ್ರಿ’ ಅಂತಿದ್ದಳು.”

ಅವನು ಬರೆದುಕೊಂಡ. “ಅದಕ ರಾಜ ಏನಂದ?”

“ನಾಳಿ ಅಂದ.”

“ಮರುದಿನ?”

“ಮರುದಿನನೂ ನಾಳಿ ಅಂದ.”

ಅದನ್ನೂ ಬರೆದು, ಪೆನ್ನು ಮುಚ್ಚಿ, ನನ್ನ ಮೊಣಕಾಲ ಮೇಲೆ ಕೈಯಿಟ್ಟ. “ಇದೊಂದ ತಿದ್ದೂದಿಲ್ಲ ಮಾಮಾ. ಹಿಂಗ ಇರಲಿ.”

ಇಷ್ಟು ಬರೆದು ಮುಗಿಸಿದ್ದೇನೆ. ನಿಮ್ಮ ಮುಂದಿಡುವ ಮೊದಲು ಕುರ್ಚಿಯನ್ನು ಅಡುಗೆಮನೆಯ ಕಡೆಗೆ ತಿರುಗಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ, ಗಟ್ಟಿಯಾಗಿ ಓದಿದೆ.