ಗೋಡೆಯ ಬುಡಕ್ಕೆ ನೀರು

ನನ್ನ ಹೆಂಡತಿಯ ಸೋದರಮಾವ ಬೇಸಿಗೆಯಲ್ಲಿ ದಿನಾ ಸಂಜೆ ನಮ್ಮ ಮನೆಗೆ ನೀರು ಕುಡಿಸುತ್ತಾರೆ. ಮನೆಯವರಿಗೆ ಎಂದು ತಿಳಿದೀರಿ ಮತ್ತೆ! ಮನೆಯವರು ಬಾಯಾರಿ ಬಿದ್ದಿದ್ದರೂ ಅವರು ತಿರುಗಿ ನೋಡುವವರಲ್ಲ. ನೀರು ಕುಡಿಸುವುದು ಇಟ್ಟಿಗೆ ಸಿಮೆಂಟಿನ ಮನೆಗೆ, ಗೋಡೆಯ ಬುಡಕ್ಕೆ, ಸುತ್ತಲೂ ಒಂದೇ ಸಮನಾಗಿ. ಗಿಡಕ್ಕೆ ನೀರು ಹಾಕುವ ಹಿರಿಯರು ನಿಮ್ಮ ಬೀದಿಯಲ್ಲೂ ಇದ್ದಾರು. ಬರೀ ಗೋಡೆಗೆ ನೀರು ಹಾಕಿ, ಅದು ಚಿಗುರುತ್ತದೇನೋ ಎಂಬಂತೆ ಬಗ್ಗಿ ನೋಡುವವರು ನಿಮ್ಮ ನೆಂಟರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕಷ್ಟಸುಖ ಹಂಚಿಕೊಳ್ಳಲು ನನಗೂ ಒಬ್ಬರು ಬೇಕು.

ಮಾವ ಗದಗದ ಕಡೆಯ ಎರೆಭೂಮಿಯವರು. ಮಣ್ಣು ಪರೀಕ್ಷಿಸುವ ಕೆಲಸದಲ್ಲಿ ಊರೂರು ಸುತ್ತಿ, ನಿವೃತ್ತರಾಗಿ, ಈಗ ಕುಕ್ ಟೌನಿನ ಹಳೇ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಾರೆ. ಮದುವೆಯಾಗಲಿಲ್ಲ. ಪ್ರಯತ್ನವೇ ಆಗಲಿಲ್ಲವೆಂದಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಕೈಗೆ ಬಂದರೂ ಇವರ ಕಣ್ಣು ಅಂಗಳದ ಮೇಲೇ ಇತ್ತಂತೆ. ಹೊರಗೆ ಬಂದ ಮೇಲೆ ಹಿರಿಯರು ಏನನ್ನಿಸಿತಪ್ಪಾ ಎಂದು ಕೇಳಿದರೆ, "ನೀರು ಬಸಿಯೂದಿಲ್ಲ" ಎಂದರಂತೆ. ಆಮೇಲೆ ಅವರಿಗೆ ಹೆಣ್ಣು ತೋರಿಸುವ ಉತ್ಸಾಹ ಯಾರಲ್ಲೂ ಉಳಿಯಲಿಲ್ಲ.

ಇವರ ಜೊತೆ ರಸೆಲ್ ಮಾರುಕಟ್ಟೆಗೆ ಹೋಗುವುದು ಇನ್ನೊಂದು ಶಿಕ್ಷೆ. ನಾವೆಲ್ಲ ತರಕಾರಿಯ ಮಣ್ಣು ಕೊಡವಿ ತರಕಾರಿ ನೋಡುತ್ತೇವೆ. ಇವರು ತರಕಾರಿ ಸರಿಸಿ ಮಣ್ಣು ನೋಡುತ್ತಾರೆ. ಮೂಲಂಗಿಗೆ ಅಂಟಿದ್ದನ್ನು ಉಗುರಿನಿಂದ ಕೆರೆದು, ಬೆರಳಲ್ಲಿ ಉಜ್ಜಿ, ಮೂಸಿ, ಇದು ಕೆಂಪು ಮರಳುಮಣ್ಣಿನದು, ಅದು ಕೆರೆಯ ಹಿಂದಿನ ಗದ್ದೆಯದು ಎಂದು ಜಾತಕ ಹೇಳುತ್ತಾರೆ. ಹಿಂದೆ ಜನ ಸಾಲುಗಟ್ಟುತ್ತಾರೆ. ಆ ಅಂಗಡಿಯ ಸಾಹೇಬರದು ದೊಡ್ಡ ತಾಳ್ಮೆ. ಒಂದು ದಿನ ಮಾತ್ರ ಅವರೂ ಸೋತು, "ಸಾಬ್, ಮಣ್ಣು ಫ್ರೀ. ಮೂಲಂಗಿ ಬೇಕಾದ್ರೆ ಹೇಳಿ" ಎಂದರು. ಮಾವ ಮೂಲಂಗಿ ಬಿಟ್ಟು ಮಣ್ಣು ತಂದರು.

ಇಂಥವರು ಕುಟುಂಬದಲ್ಲಿದ್ದರೆ ಸೈಟು ಕೊಳ್ಳುವವರು ಬಿಡುತ್ತಾರೆಯೇ? ಮೊದಮೊದಲು ಎಲ್ಲರೂ ಗೌರವದಿಂದ ಕರೆದೊಯ್ದರು. ಮಾವನ ಪರೀಕ್ಷೆ ಸರಳ. ಒಂದು ಹಿಡಿ ಮಣ್ಣಿಗೆ ಬಾಟಲಿಯ ನೀರು ಬೆರೆಸಿ ನಾದಿ, ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ, ಬತ್ತಿಯನ್ನು ಬಗ್ಗಿಸಿ ಉಂಗುರ ಮಾಡುವುದು. ಉಂಗುರ ಬಿರಿದು ಮುರಿದರೆ ಸಂತೋಷ. ಮಣ್ಣಿನಲ್ಲಿ ಮರಳಿದೆ, ನೀರು ಇಳಿದು ಹೋಗುತ್ತದೆ. ಬಿರುಕಿಲ್ಲದೆ ದುಂಡಗೆ ನಿಂತರೆ ಅದು ಅಪ್ಪಟ ಜೇಡಿ. ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆ, ಮೇಲೆ ಕಟ್ಟಿದ್ದನ್ನು ಅಲುಗಾಡಿಸುತ್ತದೆ. ಮಾವ ಉಂಗುರವನ್ನು ಮೇಲೆತ್ತಿ ಹಿಡಿದು, "ಬ್ಯಾಡ್ರಿ" ಎನ್ನುತ್ತಾರೆ. ಅಲ್ಲಿಗೆ ಆ ಸೈಟಿನ ಕಥೆ ಮುಗಿಯಿತು.

ಹಲಸೂರಿನ ನೆಂಟರು ಇವರನ್ನು ಕೇಳದೆಯೇ ಸೈಟು ಕೊಂಡು ಗುದ್ದಲಿ ಪೂಜೆಗೆ ಮಾತ್ರ ಕರೆದರು. ಜಾಣತನವೆಂದರೆ ಅದು! ಆದರೆ ಪುರೋಹಿತರ ಮಂತ್ರ ನಡೆಯುತ್ತಿರುವಾಗಲೇ ಮಾವ ಗುಂಡಿಯಿಂದ ಒಂದು ಹಿಡಿ ಎತ್ತಿಕೊಂಡು, ಕಳಶದ ಪಕ್ಕದ ನೀರನ್ನೇ ಬೆರೆಸಿ, ಉಂಗುರ ಹೊಸೆದು ಯಜಮಾನರ ಮುಂದೆ ಹಿಡಿದರು. ಪಾಪ, ಅವರು ಪ್ರಸಾದವೆಂದು ತಿಳಿದು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅಷ್ಟಾದರೂ ಉಂಗುರ ಮುರಿಯಲಿಲ್ಲ. "ನೋಡ್ರಿ, ಮುರೀಲಿಲ್ಲ. ಇಲ್ಲಿ ಮನಿ ಕಟ್ಟಬ್ಯಾಡ್ರಿ" ಎಂದರು ಮಾವ, ಪೂಜೆಗೆ ಬಂದವರೆಲ್ಲರ ಎದುರಿಗೆ. ಆ ನೆಂಟರು ನಮ್ಮೊಡನೆ ಮಾತು ಬಿಟ್ಟರು. ಊಟ ಮಾಡದೆ ವಾಪಸು ಬಂದದ್ದು ನನಗೆ ಇವತ್ತಿಗೂ ಬೇಸರ. ಹೋಳಿಗೆಯ ವಾಸನೆ ಬರುತ್ತಿತ್ತು.

ಜೇಡಿಯ ಮಾತೆತ್ತಿದರೆ ಮಾವ ಸೀದಾ ಹಿಮಕ್ಕೆ ಹೋಗುತ್ತಾರೆ. ಎಲ್ಲೋ ಶೀತದೇಶದಲ್ಲಿ ಬೆಟ್ಟದಷ್ಟು ಹಿಮಗಡ್ಡೆ ಕರಗಿ ಸಮುದ್ರದಂಥ ಸರೋವರವಾಯಿತಂತೆ. ಅಲುಗಾಡದ ನೀರಿನಲ್ಲಿ ಮೊದಲು ಮರಳು ಕೂತಿತು. ಹಿಟ್ಟಿಗಿಂತ ನುಣುಪಾದ ಜೇಡಿ ಎಷ್ಟೋ ಕಾಲ ತೇಲಿ ಕೊನೆಗೆ ಕೂತಿತು. ಸರೋವರ ಹೋಯಿತು, ಬಯಲು ಉಳಿಯಿತು. ಆ ಬಯಲಿನಲ್ಲಿ ಇವತ್ತಿಗೂ ನೀರು ಇಂಗುವುದಿಲ್ಲ. ಗಾಳಿಯಾಡದೆ ಮಣ್ಣು ಬೂದಿಬಣ್ಣಕ್ಕೆ ತಿರುಗಿದೆ, ಬೇರಿನ ಜೊತೆ ಗಾಳಿ ಇಳಿದ ಕಡೆ ಮಾತ್ರ ತುಕ್ಕುಬಣ್ಣದ ಗೆರೆ. ನಮ್ಮ ಬೆಂಗಳೂರಿನ ಕೆರೆಯಂಗಳಗಳೂ ಹಾಗೆಯೇ, ಹಿಮವೊಂದಿಲ್ಲ, ಮಿಕ್ಕಿದ್ದೆಲ್ಲ ಅದೇ ಎನ್ನುತ್ತಾರೆ. ಹೇಳುವಾಗ ಮೈಮೇಲೆ ಶಾಲು ಎಳೆದುಕೊಳ್ಳುತ್ತಾರೆ. ಹಿಮವೆಂದರೆ ರಸೆಲ್ ಮಾರುಕಟ್ಟೆಯಲ್ಲಿ ಮೀನಿನ ಮೇಲೆ ಸುರಿಯುವುದನ್ನಷ್ಟೇ ಕಂಡ ಮನುಷ್ಯ! ಈ ಸರೋವರದಲ್ಲಿ ನಾನು ಎಷ್ಟು ಸಲ ಮುಳುಗಿ ಎದ್ದಿದ್ದೇನೋ ಲೆಕ್ಕವಿಲ್ಲ.

ನಾವು ಮನೆ ಹುಡುಕಲು ಹೊರಟ ವರ್ಷ ಒಳ್ಳೆಯ ವರ್ಷವಲ್ಲ. ಒಂಬತ್ತು ತಿಂಗಳು ತುಂಬುವ ಮೊದಲೇ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡಿದ್ದೆವು. ನನ್ನ ಹೆಂಡತಿ ಸುಮಾ ಅಳುವುದನ್ನು ನಿಲ್ಲಿಸಿ ಸುಮ್ಮನಾಗಿದ್ದಳು, ಅದು ಅಳುವಿಗಿಂತ ಕಷ್ಟ. ಇಂದಿರಾನಗರದ ಬಾಡಿಗೆ ಮನೆಯಲ್ಲಿ ಮಗುವಿಗೆಂದು ಖಾಲಿ ಮಾಡಿಟ್ಟ ಕೋಣೆಯ ಮುಂದೆ ಇಬ್ಬರೂ ತಲೆ ತಗ್ಗಿಸಿ ಓಡಾಡುತ್ತಿದ್ದೆವು. ಬೇರೆ ಮನೆ ನೋಡೋಣ ಎಂದೆ. ಎಷ್ಟೋ ಮನೆ ನೋಡಿದೆವು. ಯಾವುದಕ್ಕೂ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಸುಮ್ಮನಿದ್ದ ಕಡೆಯೆಲ್ಲ ಮಾವ ಉಂಗುರ ಎತ್ತಿ ಹಿಡಿದು ಬೇಡ ಎಂದರು.

ಕೊನೆಗೆ ಕೆ.ಆರ್. ಪುರದಿಂದ ಆಚೆ ಈ ಮನೆ ಸಿಕ್ಕಿತು. ಬಡಾವಣೆಯ ಹೆಸರಿನಲ್ಲಿ ಕೆರೆಯಿದೆ. ಕೆರೆ ಎಲ್ಲಿ ಎಂದು ಬ್ರೋಕರನ್ನು ಕೇಳಿದರೆ ಆ ಕಡೆ ಈ ಕಡೆ ಕೈ ತೋರಿಸಿದ, ಕಾಲ ಕೆಳಗೆ ಮಾತ್ರ ತೋರಿಸಲಿಲ್ಲ. ಸುಮಾ ಹಿತ್ತಲಿಗೆ ಹೋದಳು, ಹಿಂದೆಯೇ ಮಾವನೂ. ಮಾವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದರು, ನಾದಿದರು, ಹೊಸೆದರು. ಬ್ರೋಕರನ ಜೊತೆ ದೂರ ನಿಂತಿದ್ದ ನಾನು ಎಂದಿನಂತೆ ಕಾರಿನ ಕೀ ಕೈಗೆ ತೆಗೆದುಕೊಂಡೆ. ಅವರು ಕೈಯಲ್ಲಿದ್ದುದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, "ಇರ್ಲಿ, ತಗೋರಿ" ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರ ಮನಸ್ಸು ಬದಲಾಗುವ ಮೊದಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಮೊದಲ ಮಳೆಗಾಲ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮೊದಲ ಬೇಸಿಗೆ ಕಿಟಕಿಯ ಮೂಲೆಯಿಂದ ಬಿರುಕೊಂದು ಹೊರಟು ಮೇಲಕ್ಕೆ ಪ್ರಯಾಣ ಬೆಳೆಸಿತು. ಬಾಗಿಲಿನ ಅಂಚು ಹೆರೆಯಲು ಬಡಗಿಯನ್ನು ಕರೆಸಿದರೆ ಮಾವ ಅವನನ್ನು ಗೇಟಿನಿಂದಲೇ ವಾಪಸು ಕಳಿಸಿದರು. ತಪ್ಪು ಬಾಗಿಲಿನದಲ್ಲವಂತೆ, ನೆಲದ್ದಂತೆ. ಜೇಡಿಮಣ್ಣು ಒಣಗಲೂಬಾರದು, ನೆನೆದು ಉಬ್ಬಲೂಬಾರದು, ಸದಾ ಒಂದೇ ಹದದಲ್ಲಿರಬೇಕಂತೆ. ಇಲ್ಲವಾದರೆ ಬಿರುಕು ಅಗಲವಾಗಿ ಒಂದು ದಿನ ಮನೆ ಬಿಟ್ಟು ಹೋಗಬೇಕಾದೀತಂತೆ. ಇವರ ಪರೀಕ್ಷೆಯೂ ಒಂದು ಸಲ ತಪ್ಪಿತು ಎಂದುಕೊಂಡೆ. ಆವತ್ತಿನಿಂದ ಮಾವ ಬೆಂಗಳೂರು ಈಸ್ಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂದು, ಮಳೆಗಾಲದಲ್ಲಿ ಕಾಲುವೆ ತೋಡಿ ಗೋಡೆಯ ಬುಡದ ನೀರನ್ನು ಹೊರಗೆ ಸಾಗಿಸುತ್ತಾರೆ. ಬೇಸಿಗೆಯಲ್ಲಿ ಅದೇ ಬುಡಕ್ಕೆ ನೀರು ಹೊಯ್ಯುತ್ತಾರೆ. ಎರಡೂ ಕಾಲದಲ್ಲಿ ಬಕೆಟ್ಟು ಹೊರುವವನು ನಾನು.

ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ನೀರು ಬರುವುದೇ ಟ್ಯಾಂಕರಿನಲ್ಲಿ. ಜನ ಕುಡಿಯುವ ನೀರಿಗೆ ಕಾಯುವಾಗ ಇಲ್ಲೊಬ್ಬರು ಗೋಡೆಗೆ ಹೊಯ್ದರೆ ಬೀದಿಯವರು ಸುಮ್ಮನಿರುತ್ತಾರೆಯೇ? ಹಾಗಾಗಿ ಮಾವನ ಕಾನೂನು ಬಂತು: ಬಳಸಿದ ನೀರೇ ಗೋಡೆಗೆ. ಅಕ್ಕಿ ತೊಳೆದ ನೀರು, ಬಟ್ಟೆ ಒಗೆದ ನೀರು, ಕೊನೆಗೆ ಮಿಂದ ನೀರು. ನಮ್ಮ ಮನೆಯಲ್ಲಿ ಸ್ನಾನ ಪ್ಲಾಸ್ಟಿಕ್ ಟಬ್ಬಿನೊಳಗೆ ನಿಂತೇ ಆಗಬೇಕು. ನನ್ನ ಅಣ್ಣ ಒಂದು ರಾತ್ರಿ ಉಳಿದುಕೊಳ್ಳಲು ಬಂದವನು ಟಬ್ಬು ನೋಡಿ ಸ್ನಾನ ಮಾಡದೆಯೇ ಹೊರಟ. ಮಾವನಿಗೆ ಬೇಜಾರಾದದ್ದು ಅವನು ಹೋದದ್ದಕ್ಕಲ್ಲ, ಒಂದು ಟಬ್ಬು ನೀರು ತಪ್ಪಿತಲ್ಲ ಎಂದು. ಆಫೀಸಿನಲ್ಲಿ ಗೆಳೆಯ ನನ್ನ ಪ್ಯಾಂಟಿನ ಕೆಸರು ನೋಡಿ, "ಏನ್ ಗುರು, ಗಾರ್ಡನಿಂಗಾ? ಏನ್ ಬೆಳೀತಿದೀಯ?" ಎಂದ. "ಎರಡು ಬೆಡ್‌ರೂಮು, ಒಂದು ಹಾಲು" ಎಂದೆ. ಅವನು ನಕ್ಕ. ನಗುವ ಶಕ್ತಿ ನನಗಿರಲಿಲ್ಲ.

ವಿಚಿತ್ರವೆಂದರೆ, ಸುಮಾ ಒಂದು ದಿನವೂ ಗೊಣಗಲಿಲ್ಲ. ಟಬ್ಬಿನಲ್ಲಿ ನಿಂತು ಮೀಯುತ್ತಾಳೆ, ಅಕ್ಕಿ ತೊಳೆದ ನೀರನ್ನು ಒಂದು ಹನಿ ಚೆಲ್ಲದೆ ಎತ್ತಿಡುತ್ತಾಳೆ. ಸೋದರಮಾವನ ಹುಚ್ಚು ಸೊಸೆಗೂ ಹತ್ತಿತು ಎಂದುಕೊಂಡೆ.

ಹೋದ ಬೇಸಿಗೆಯ ಮಾತು. ನಮ್ಮ ಪಕ್ಕದ ಖಾಲಿ ಸೈಟು ನೋಡಲು ಗಂಡಹೆಂಡತಿ ಬಂದಿದ್ದರು. ಗೋಡೆಗೆ ನೀರು ಹಾಕುವ ಮುದುಕರನ್ನು ಕಂಡು ಮಾತಿಗೆ ನಿಂತು, ಮಣ್ಣು ತಿಳಿದವರೆಂದು ಗೊತ್ತಾಗಿ, ಒಂದು ಸಲ ನೋಡಿ ಹೇಳಿ ಸಾರ್ ಎಂದು ಕೇಳಿಕೊಂಡರು. ಮಾವ ಕಾಂಪೌಂಡಿನ ಆಚೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಹೊಸೆದರು. ಉಂಗುರ ಬಳೆಯಷ್ಟು ದುಂಡಗೆ ನಿಂತಿತು. "ಕೆರಿ ಅಂಗಳ ಐತ್ರಿ. ಬ್ಯಾಡ್ರಿ" ಎಂದರು. ಆ ಹೆಂಗಸು ನಮ್ಮ ಮನೆಯ ಕಡೆ ನೋಡಿದರು. ಮಾವ ಕೈ ಒರೆಸಿಕೊಂಡು ಬಂದು ಮತ್ತೆ ಚೊಂಬು ಹಿಡಿದರು.

ನಾನು ಬಕೆಟ್ಟು ಕೆಳಗಿಟ್ಟೆ. ಆ ಮಣ್ಣಿಗೂ ಈ ಮಣ್ಣಿಗೂ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ. ಆರಿಸಿ ಆರಿಸಿ ಎಲ್ಲರಿಗೂ ಬೇಡ ಎಂದ ಮನುಷ್ಯ ನಮಗೆ ಮಾತ್ರ ಯಾಕೆ ತಗೋರಿ ಎಂದರು? ಬೆನ್ನು ನೋವಿನಲ್ಲಿ ನನ್ನ ಮಾತು ಸ್ವಲ್ಪ ಒರಟಾಗಿಯೇ ಬಂತು.

"ಮಾವ, ಅವತ್ತು ನಮ್ಮ ಉಂಗುರ ಮುರೀತಾ?"

ಅವರು ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ಇಲ್ರಿ ಅಳಿಯಾರ" ಎಂದರು. ಇನ್ನೊಂದು ಚೊಂಬು ಹೊಯ್ದು, "ಸುಮವ್ವ ಹಿತ್ತಲದಾಗ ನಿಂತು, ಮಾಮಾ, ಇಲ್ಲೊಂದು ದಾಸವಾಳ ಹಚ್ಚೋಣೇನು ಅಂತ ಕೇಳಿದ್ಲು. ಎಷ್ಟು ತಿಂಗಳ ಮ್ಯಾಲೆ ಆಕಿ ಬಾಯಾಗ ಒಂದು ಆಸೆ ಬಂದಿತ್ತು. ಕೈಯಾಗ ಉಂಗುರ ಹಿಡಕೊಂಡು ನಾ ಹೆಂಗ ಬ್ಯಾಡ ಅನ್ಲಿ? ಮಣ್ಣನ್ನ ಸಂಭಾಳಿಸಬಹುದು ಅಂತ ತಿಳಕೊಂಡೆ. ಅದಕ್ಕ ದಿನಾ ಬರ್ತೀನಿ" ಎಂದರು.

ನಾನು ಒಳಗೆ ಹೋದೆ. ಸುಮಾ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಕಿಟಕಿ ತೆರೆದಿತ್ತು, ಮಾತೆಲ್ಲ ಕೇಳಿಸಿತ್ತು. ನಾನು ಕೇಳುವ ಮೊದಲೇ ಅವಳು ಮೆಲ್ಲಗೆ ಹೇಳಿದಳು.

"ನನಗ ಅವತ್ತ ಗೊತ್ತಿತ್ರಿ. ಸಣ್ಣಾಕಿ ಇದ್ದಾಗಿಂದ ಮಾಮಾನ ಕೈ ನೋಡೀನಿ. ಮುರದಿದ್ರ ನೆಲಕ್ಕ ಒಗೀತಿದ್ದ. ಕಿಸೆದಾಗ ಮುಚ್ಚಿಟ್ಕೊಂಡ. ನನ್ನ ಸಲುವಾಗಿ ಅಂವ ಹೇಳಿದ ಸುಳ್ಳು ಅದೊಂದ. ಅದನ್ನ ನಾ ಕಾಯಬೇಕಲ್ಲ?"

ಅಲ್ಲಿಗೆ, ಮನೆ ಕೊಂಡ ದಿನ ಅದರ ಕೆಳಗೆ ಏನಿದೆಯೆಂದು ತಿಳಿಯದೆ ಇದ್ದವನು ನಾನೊಬ್ಬನೇ. ಸುಮಾ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ನನ್ನ ಕೈಗಿಟ್ಟು, "ಹೋಗ್ರಿ, ಪಡುವಣ ಗ್ವಾಡಿ ಇನ್ನೂ ಉಳದೈತಿ" ಎಂದಳು.

ಹೊರಗೆ ಮಾವ ಗೋಡೆ ಹಿಡಿದು ಬಗ್ಗಿ, ದಾಸವಾಳದ ಬುಡದಿಂದ ಕಸ ತೆಗೆಯುತ್ತಿದ್ದರು. ಜೇಡಿಯಲ್ಲಿ ಬೇರಿಗೆ ಉಸಿರು ಸಿಗದೆ ಆ ಗಿಡ ಸೊರಗಿಯೇ ಇದೆ, ವರ್ಷಕ್ಕೆ ನಾಲ್ಕು ಹೂ ಬಿಟ್ಟರೆ ಹೆಚ್ಚು. ಅವರ ಕೈಯಿಂದ ಚೊಂಬು ತೆಗೆದುಕೊಂಡು, ಮೆಟ್ಟಿಲ ಮೇಲೆ ಕೂರಿಸಿ, ಪಡುವಣ ಗೋಡೆಗೆ ನಾನೇ ನೀರು ಹಾಕಿದೆ. ಒಂದೇ ಸಮನಾಗಿ.