ಗಂಧರಾಜ ಮತ್ತು ಗೇಟ್ ಪಾಸ್

ಗಿಡಗಳಿಗೆ ಜೀವವಿದೆ ಎಂಬುದನ್ನು ನಾನು ಶಾಲೆಯಲ್ಲೇ ಒಪ್ಪಿಕೊಂಡಿದ್ದೇನೆ. ಆದರೆ ಅವಕ್ಕೆ ಆಸ್ತಿಪಾಸ್ತಿಯ ಕಾನೂನೂ ಗೊತ್ತಿದೆ, ತಮ್ಮನ್ನು ಕೊಟ್ಟರೋ ಕದ್ದರೋ ಎಂದು ವಿಚಾರಿಸಿಕೊಂಡೇ ಬೇರು ಬಿಡುತ್ತವೆ ಎಂದರೆ ನನ್ನ ತಲೆ ಗಿರ್ರೆನ್ನುತ್ತದೆ. ದಾಂಡೇಲಿಯ ಕಾಗದದ ಮಿಲ್ಲಿನ ಸ್ಟೋರಿನಲ್ಲಿ ಕೆಲಸ ಮಾಡುವವನು ನಾನು. ಗೇಟ್ ಪಾಸ್ ಇಲ್ಲದೆ ಒಂದು ನಟ್ಟನ್ನೂ ಹೊರಗೆ ಬಿಡದವನೆಂದು ಹೆಸರು ಮಾಡಿದ್ದೇನೆ. ಅದು ಒಳ್ಳೆಯ ಹೆಸರೇ ಎಂದು ಹೇಳಲಾರೆ. ಅಂಥವನನ್ನು ಒಂದು ಹೂವಿನ ಗಿಡ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ನೀವೇ ನೋಡಿ.

ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಮೋಟಾರ್ ಮೆಕ್ಯಾನಿಕ್ ದಸ್ತಗೀರ್ ಭಾಯಿ, ಅವರ ಹೆಂಡತಿ ರೆಹಾನಾ ಭಾಭಿ ಇದ್ದರು. ಅವರ ಅಂಗಳದಲ್ಲಿ ಒಂದು ಗಂಧರಾಜ. ಬೆಳಗಾವಿ ಕಡೆಯವರು ಅದನ್ನೇ ಅನಂತ ಎನ್ನುತ್ತಾರೆ. ದಸ್ತಗೀರ್ ಭಾಯಿಯ ತೀರಿಹೋದ ತಾಯಿ ನೆಟ್ಟದ್ದು. ಅರಳಿದ ದಿನ ಹಾಲಿನಂಥ ಬಿಳುಪು, ಮರುದಿನ ಕೆನೆಯ ಬಣ್ಣ, ಆಮೇಲೆ ಹಳದಿ. ಪರಿಮಳ ಮಾತ್ರ ಕೊನೆಯವರೆಗೂ ಹಠ ಬಿಡುವುದಿಲ್ಲ. ಮಳೆಗಾಲದಲ್ಲಿ ಒಣಗದ ಬಟ್ಟೆಗಳ ನಡುವೆ ಬದುಕಿದವರಿಗಷ್ಟೇ ಅದರ ಬೆಲೆ ಗೊತ್ತು. ಶುಕ್ರವಾರ ಭಾಭಿ ಮೊದಲ ಹೂಗಳನ್ನು ಅತ್ತೆಯ ಗೋರಿಗೆಂದು ಗಂಡನ ಕೈಯಲ್ಲಿ ಕಳಿಸುತ್ತಿದ್ದರು. ಉಳಿದವು ನನ್ನ ಹೆಂಡತಿ ಶಾಂತಾಳ ಗಣಪತಿಗೆ, ಮಿಕ್ಕಿದ್ದು ಅವಳ ಜಡೆಗೆ. ಒಂದೇ ಗಿಡದ ಹೂ ಗೋರಿಗೂ ದೇವರಿಗೂ ಜಡೆಗೂ ಹೋಗುತ್ತದಲ್ಲ, ಹಾಗಾದರೆ ಇದು ದುಃಖದ ಹೂವೋ, ಭಕ್ತಿಯದೋ, ಶೃಂಗಾರದ್ದೋ ಎಂದು ನಾನೊಮ್ಮೆ ಶಾಂತಾಳನ್ನು ಕೇಳಿದೆ. "ವಾಸನಿ ಐತಲ್ಲ, ಸಾಕು. ನಿಮಗ ಎಲ್ಲಾದಕ್ಕೂ ಚೀಟಿ ಅಂಟಸಬೇಕು," ಎಂದಳು.

ನಮಗೂ ಒಂದು ಗಿಡ ಬೇಕೆಂದು ಅವಳಿಗೆ ಆಸೆಯಾಯಿತು. ಭಾಭಿ ಧಾರಾಳಿ, ಕೇಳಿದಾಗಲೆಲ್ಲ ಟೊಂಗೆ ಕಡಿದು ಕೊಟ್ಟರು. ಕೊಟ್ಟದ್ದೆಲ್ಲ ಒಣಗಿತು. ಚಹಾದ ಚರಟ ಹಾಕಿದೆವು, ನೆರಳಿಗಿಟ್ಟೆವು, ಕಬ್ಬಿಣದ ಅಂಶ ಬೇಕಂತೆ ಎಂದು ದಸ್ತಗೀರ್ ಭಾಯಿ ಕೊಟ್ಟ ತುಕ್ಕು ಹಿಡಿದ ಬೋಲ್ಟುಗಳನ್ನು ಬುಡದಲ್ಲಿ ಹೂತೆವು. ಬೋಲ್ಟುಗಳಷ್ಟೇ ಉಳಿದವು. ಆಗ ಶಾಂತಾ ತವರಿನಿಂದ ತಂದ ವೇದವಾಕ್ಯ ಹೊರತೆಗೆದಳು. "ನಮ್ಮ ಮಳಗಿ ಊರಾಗ ಹೇಳ್ತಾರ, ಹೂವಿನ ಗಿಡ ಕೇಳಿ ತರಬಾರದು, ಕದ್ದ ತರಬೇಕು ಅಂತ."

ಇದನ್ನು ಕೇಳಿ ಭಾಭಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ಕದೀರಿ ಅಣ್ಣಾರ. ನಾ ಸಂತಿಗೆ ಹೋಗ್ತೇನಿ, ಗೇಟ್ ತೆರದ ಇಟ್ಟಿರ್ತೇನಿ. ಆದ್ರ ಕದ್ದ ಗಿಡದ ಹೂ ನಿಮ್ಮ ದೇವ್ರಿಗೆ ನಡೀತೈತೇನ್ರಿ?"

"ಓಣ್ಯಾಗ ಮಂದಿ ಗಿಡದ್ದ ಹರಕೊಂಡು ಪೂಜಾ ಮಾಡೂದು ಎಲ್ಲಾರೂ. ನಮ್ಮ ದೇವ್ರಿಗೆ ರೂಢಿ ಆಗೈತಿ ಬಿಡ್ರಿ," ಎಂದಳು ಶಾಂತಾ.

ಮಾಲೀಕಳೇ ಬಾಗಿಲು ತೆರೆದಿಟ್ಟರೆ ಅದು ಕಳವು ಹೇಗಾದೀತು ಎಂಬ ಗೊಂದಲದಲ್ಲೇ ನಾನು ಕತ್ತರಿ ಹಿಡಿದು ಹೋದೆ. ಅಂಗಳದಲ್ಲಿ ಜೀಪಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ ದಸ್ತಗೀರ್ ಭಾಯಿಯ ಕಾಲುಗಳಷ್ಟೇ ಕಾಣುತ್ತಿದ್ದವು. ನಾನು ಟೊಂಗೆಗೆ ಕೈ ಹಾಕಿದಾಗ ಜೀಪಿನ ಕೆಳಗಿಂದ ದನಿ ಬಂತು: "ಅದು ಎಳೀದು ಐತ್ರಿ, ಬಲಕ್ಕಿಂದು ತಗೊಳ್ರಿ, ಬಲತೈತಿ." ಒಂದು ಕ್ಷಣ ಬಿಟ್ಟು ಮತ್ತೆ: "ನಾ ನಿಮ್ಮನ್ನ ನೋಡಿಲ್ರಿ ಮತ್ತ."

ಆ ಟೊಂಗೆ ಚಿಗುರಿತು! ವರ್ಷ ಕಳೆದು ಹೂವನ್ನೂ ಬಿಟ್ಟಿತು. ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಇಷ್ಟು ವರ್ಷ ಸ್ಟೋರಿನಲ್ಲಿ ನಾನು ಮಾಡಿದ್ದೆಲ್ಲ ಸೃಷ್ಟಿನಿಯಮಕ್ಕೆ ವಿರುದ್ಧವೇ ಹಾಗಾದರೆ?

ಅಷ್ಟರಲ್ಲಿ ದಸ್ತಗೀರ್ ಭಾಯಿ ಹಳಿಯಾಳದಲ್ಲಿ ಸ್ವಂತ ಮನೆ ಕಟ್ಟಿಸಿ ಹೊರಟರು. ಅವರು ಹೋದ ವಾರವೇ ಬಾಡಿಗೆ ಮನೆಯ ಮಾಲೀಕರು ಕಾರು ನಿಲ್ಲಿಸಲು ಅಂಗಳಕ್ಕೆ ಫರ್ಸಿಕಲ್ಲು ಹಾಸಿ ಗಂಧರಾಜವನ್ನು ಬುಡಸಹಿತ ಕಿತ್ತುಹಾಕಿದರು. ಸುದ್ದಿ ತಿಳಿದು ಭಾಭಿ ಫೋನಿನಲ್ಲೇ ಅತ್ತರು. ಮಳೆ ಹಿಡಿದ ಮೇಲೆ ಒಂದು ದಿನ ಬಂದರು. "ನಮ್ಮ ಅತ್ತಿ ನೆಟ್ಟ ಗಿಡದ್ದು ಇನ್ನ ಉಳದದ್ದು ನಿಮ್ಮಲ್ಲಿ ಅಷ್ಟ ಅಣ್ಣಾರ. ಒಂದು ಟೊಂಗಿ ಕೊಡ್ರಿ."

"ಕೊಟ್ರ ಹತ್ತೂದಿಲ್ರೀ ಭಾಭಿ. ನೀವೂ ಕದೀರಿ, ನಾವು ಒಳಗ ಹೋಗ್ತೇವಿ," ಎಂದೆ.

ಅವರು ನಗಲಿಲ್ಲ. "ನಂಗ ಕದಿಯಾಕ ಬರಂಗಿಲ್ರಿ. ಗೋರಿಗೆ ಇಡೂ ಹೂ ಅದು, ಕದ್ದ ಗಿಡದ್ದು ಹೆಂಗ ಇಡ್ಲಿ?"

ಕೊಟ್ಟರೆ ಬದುಕುವುದಿಲ್ಲ, ಕದಿಯಲು ಅವರು ಒಪ್ಪುವುದಿಲ್ಲ. ಸತ್ತವರ ಕೊನೆಯ ಗುರುತು ನನ್ನ ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಭಾಭಿಯ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಅವರು ಶಾಂತಾಳೊಂದಿಗೆ ಊಟಕ್ಕೆ ಕೂತಾಗ ನನಗೊಂದು ಮಾರ್ಗ ಹೊಳೆಯಿತು. ಗಿಡದ ಪಾಲಿಗೆ ಕಳವು, ಭಾಭಿಯ ಪಾಲಿಗೆ ದಾನ: ನನ್ನ ಗಿಡವನ್ನು ನಾನೇ ಕದಿಯುವುದು! ಗೇಟಿನಿಂದ ಬಂದರೆ ಗಿಡಕ್ಕೆ ಮಾಲೀಕನ ಗುರುತು ಸಿಕ್ಕೀತೆಂದು ಹಿಂದಿನಿಂದ ಸುತ್ತಿ ಹೋಗಿ ಕಂಪೌಂಡ್ ಹತ್ತಿದೆ. ಟೊಂಗೆ ಕತ್ತರಿಸುವವರೆಗೆ ಎಲ್ಲ ಸರಿಯಿತ್ತು. ವಾಪಸ್ ಹಾರುವಾಗ ಪಂಚೆ ಸಿಕ್ಕಿ ರಸ್ತೆಗೆ ಬಿದ್ದೆ. ಅದೇ ಹೊತ್ತಿಗೆ ಮಿಲ್ಲಿನ ವಾಚ್‌ಮನ್ ಸೈಕಲ್ ಇಳಿದು, "ಏನ್ರೀ ಸಾಹೇಬ್ರ, ಮನೀಗೆ ಗೇಟ್ ಇಲ್ಲೇನ್ರಿ?" ಎಂದ. ಮೊಣಕಾಲು ಊದುತ್ತಿದ್ದರೂ ಒಳಗೆ ಹೋಗಿ, "ತಗೊಳ್ರಿ ಭಾಭಿ, ಕೈಯಾರ ಕೊಡಾಕತ್ತೇನಿ," ಎಂದು ಟೊಂಗೆ ಕೊಟ್ಟೆ.

ಕೆಲವು ತಿಂಗಳ ಮೇಲೆ ಅವರು ಕರೆದರೆಂದು ಹಳಿಯಾಳಕ್ಕೆ ಹೋದೆವು, ನಾನಿನ್ನೂ ಕುಂಟುತ್ತಲೇ ಇದ್ದೆ. ಹೊಸ ಮನೆಯ ಮುಂದೆ ಗಂಧರಾಜ ಮಿರಮಿರ ಮಿಂಚುವ ಎಲೆ ಬಿಟ್ಟು ನಿಂತಿತ್ತು. ಭಾಭಿ ಅದರ ಎಲೆಗಳನ್ನು ಸೆರಗಿನಿಂದ ಒರೆಸುತ್ತಿದ್ದರು. ಚಹಾ ಕುಡಿಯುತ್ತ ದಸ್ತಗೀರ್ ಭಾಯಿ ಸಹಜವಾಗಿ ಹೇಳಿದರು: "ನಮ್ಮವ್ವಾ ಇದನ್ನ ಸಾಂಬ್ರಾಣಿ ಊರಾಗ ಯಾರದೋ ಹಿತ್ತಲದಾಗಿಂದ ಮುರಕೊಂಡು, ಸೆರಗಿನಾಗ ಮುಚ್ಚಿಕೊಂಡು ಬಂದಿದ್ಲ ನೋಡ್ರಿ."

ಭಾಭಿಯ ಕೈ ಅಲ್ಲೇ ನಿಂತಿತು. "ಇಷ್ಟು ವರ್ಷ ಯಾಕ ಹೇಳಿಲ್ಲ?"

"ನೀ ಕೇಳಿಲ್ಲ."

ಭಾಭಿ ಮೊದಲು ಕಣ್ಣು ಕಣ್ಣು ಬಿಟ್ಟರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದೇ ಸಮಯವೆಂದು ನಾನೂ ಒಪ್ಪಿಕೊಂಡೆ: "ಭಾಭಿ, ನಾನೂ ಅವತ್ತು ಇದನ್ನ ಕದ್ದ ಕೊಟ್ಟೇನ್ರಿ, ಕಂಪೌಂಡ್ ಹಾರಿ."

"ನಿಮ್ಮ ಗಿಡ ನೀವ ತಗೊಂಡ್ರ ಅದು ಕಳವು ಹೆಂಗ ಆಗ್ತೈತ್ರಿ ಅಣ್ಣಾರ?" ಎಂದು ಅವರು ನನ್ನ ಕಡೆ ಮರುಕದಿಂದ ನೋಡಿದರು. "ಹಂಗಾರ ನೀವು ಸುಮ್ಮನ ಬಿದ್ರಿ."

ಕಳವಲ್ಲದಿದ್ದರೆ ಗಿಡ ಚಿಗುರಿದ್ದು ಹೇಗೆ? ಕಳವಾಗಿದ್ದರೆ ಅವತ್ತು ಭಾಭಿಗೆ ಕೈಯಾರ ಕೊಡುತ್ತಿದ್ದೇನೆ ಎಂದದ್ದು ಸುಳ್ಳೇ? ವಾಪಸು ಬರುವ ಬಸ್ಸಿನಲ್ಲಿ ಇದನ್ನೇ ಶಾಂತಾಳಿಗೆ ಕೇಳಿದೆ. ಅವಳು ಜಡೆಯ ಹೂ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಳೆ ಬಂದಾಗಲೆಲ್ಲ ಈಗಲೂ ಮೊಣಕಾಲು ನೋಯುತ್ತದೆ. ಅದು ಕಳ್ಳನ ಮೊಣಕಾಲೋ, ಮಾಲೀಕನದೋ ಗೊತ್ತಾಗದೆ ಎರಡೂ ಕಡೆಯಿಂದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೇನೆ.